ಮೂವರನ್ನೂ ಒಟ್ಟಿಗೇ ಎತ್ತಬೇಕು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿದ್ದ ರಾಮಾಂಜಿನಪ್ಪನಿಗೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಮಿಲಿಟರಿ ಉಗ್ರಾಣವೊಂದರಲ್ಲಿ ಗುಮಾಸ್ತೆ ಕೆಲಸ. ಬರ್ಮಾ ಗಡಿಗೆ ಹೋಗುವ ಸೊಳ್ಳೆಪರದೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು, ಇರಬೇಕಾದ ತೂತು ಯಾವುದು, ಇರಬಾರದ ತೂತು ಯಾವುದು ಎಂದು ನೋಡಿ ಬರೆದುಕೊಳ್ಳುವುದು ಅವನ ಇಡೀ ಉದ್ಯೋಗ. ಸಾಮ್ರಾಜ್ಯ ಉಳಿಯುವುದಕ್ಕೆ ಇದೂ ಬೇಕು, ನಿಜ. ಆದರೆ ಗಂಡಸಾದವನು ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಳ್ಳುವಂಥ ಸಂಗತಿಯಲ್ಲ. ಹಾಗಾಗಿ ಯಾರಾದರೂ "ಆಫೀಸಲ್ಲಿ ಏನು ಕೆಲಸ?" ಎಂದರೆ ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ದನಿ ತಗ್ಗಿಸಿ, "ಅದೆಲ್ಲಾ ಹೇಳಂಗಿಲ್ಲ" ಅನ್ನುತ್ತಿದ್ದ.

ಇದರ ಫಲವಾಗಿ, ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ ಮುಗಿಯುವ ಹೊತ್ತಿಗೆ, ರಾಮಾಂಜಿನಪ್ಪನನ್ನು ಕೇಳದೆ ಬರ್ಮಾದಲ್ಲಿ ಒಂದು ಗುಂಡೂ ಹಾರುವುದಿಲ್ಲ ಎಂದು ಗಲ್ಲಿಯವರು ನಂಬಿದ್ದರು.

ಎಲ್ಲರಿಗಿಂತ ಹೆಚ್ಚು ನಂಬಿದವಳು ಪಕ್ಕದ ಮನೆಯ ಅಕ್ಕಯಮ್ಮ. ಗಂಡ ಇಲ್ಲ. ಎರಡು ಎಮ್ಮೆ, ಒಬ್ಬ ಮಗ. ಮಗ ಆದಿನಾರಾಯಣ ಸೈನ್ಯದಲ್ಲಿ ಲಾರಿ ಓಡಿಸಲು ಸೇರಿ ಬರ್ಮಾ ಕಡೆ ಹೋಗಿದ್ದ. ಯುಗಾದಿ ಕಳೆದ ಮೇಲೆ ಅವನಿಂದ ಒಂದು ಕಾಗದವಿಲ್ಲ, ಒಂದು ಸುದ್ದಿಯಿಲ್ಲ. ಅಕ್ಕಯಮ್ಮ ರಾತ್ರಿ ಬಾಗಿಲಿಗೆ ಅಗಳಿ ಹಾಕುವುದನ್ನೇ ಬಿಟ್ಟಿದ್ದಳು. ಬಂದವನು ಕಾಯಬಾರದು ಅಂತ. ಇಡೀ ಗಲ್ಲಿಗೆ ನೀರು ಸೇರಿದ ಹಾಲು ಹಾಕುತ್ತಿದ್ದವಳು ರಾಮಾಂಜಿನಪ್ಪನ ಮನೆಗೆ ಮಾತ್ರ ಗಟ್ಟಿ ಹಾಲು ಅಳೆಯುತ್ತಿದ್ದಳು. ಅಳೆದಾದ ಮೇಲೆ ದಿನಾ ಅದೇ ಮಾತು.

"ನಮ್ ಆದಿ ವಿಷ್ಯ ಏನಾರ ಬಂತಾ ಮಗಾ?"

"ನೋಡ್ತಾ ಇದೀನಿ ಅಕ್ಕಯಮ್ಮ. ಇಂಥಾದೆಲ್ಲಾ ಸ್ವಲ್ಪ ನಿಧಾನ."

ಹೀಗೆ ಹೇಳುವಾಗ ರಾಮಾಂಜಿನಪ್ಪನಿಗೆ ಒಳಗೆ ಚುರುಕ್ಕೆನ್ನುತ್ತಿತ್ತು. ಆದರೆ ಆಮೇಲೆ ಕಾಫಿ ಬರುತ್ತಿತ್ತು. ಅಂಥ ಹಾಲಿನ ಕಾಫಿ ಕುಡಿದ ಮೇಲೆ ಯಾವ ಚುರುಕೂ ಬಹಳ ಹೊತ್ತು ನಿಲ್ಲುವುದಿಲ್ಲ.

ಅವನಿಗೆ ಇನ್ನೊಂದು ಗುಟ್ಟೂ ಇತ್ತು. ಬಾಗಿಲ ಮೇಲಿನ ಹಲಗೆಯಲ್ಲಿ 'ರಾಮಾಂಜಿನಪ್ಪ, ಇಂಟರ್‌ಮೀಡಿಯೆಟ್' ಎಂದು ಬರೆಸಿದ್ದ. ಪಾಸೋ ಫೇಲೋ ಬರೆಸಲು ಹಲಗೆಯಲ್ಲಿ ಜಾಗ ಸಾಲಲಿಲ್ಲ. ಕೃಷ್ಣರಾಜಪುರದ ಜಮೀನುದಾರ ದೊಡ್ಡಮುನಿಯಪ್ಪನವರು ಪಾಸೆಂದು ಓದಿಕೊಂಡು ಮಗಳು ಮಂಜುಳಮ್ಮನನ್ನು ಧಾರೆಯೆರೆದು ಕೊಟ್ಟಿದ್ದರು. ನಿಜ ಹೇಳಬೇಕೆಂದರೆ ಅವನು ಇಂಗ್ಲಿಷ್ ಒಂದರಲ್ಲಿ ಹೋಗಿದ್ದ. ಹೋದವನು ಮತ್ತೆ ಪರೀಕ್ಷೆಗೆ ಕಟ್ಟಿರಲಿಲ್ಲ.

ಆ ಚಳಿಗಾಲದಲ್ಲಿ ಉಗ್ರಾಣದ ಸಾಹೇಬರು ಹಿರಿಯ ಗುಮಾಸ್ತೆಯ ಜಾಗ ಖಾಲಿಯಾಗಿದೆ, ಇಂಟರ್‌ಮೀಡಿಯೆಟ್ ಪಾಸಾದ ಸರ್ಟಿಫಿಕೇಟು ತರುವವನಿಗೆ ಕೊಡುತ್ತೇನೆ ಎಂದರು. ರಾಮಾಂಜಿನಪ್ಪ ಯಾರಿಗೂ ಹೇಳದೆ ಪರೀಕ್ಷೆಗೆ ಅರ್ಜಿ ಹಾಕಿದ. ಯಾರಿಗೂ ಹೇಳದೆ ದಂಡಿನ ಮಾರ್ಕೆಟ್ಟಿನ ಹಿಂದಿದ್ದ ಮುನಿಶಾಮಿ ಮೇಷ್ಟರ ಹತ್ತಿರ ಪಾಠಕ್ಕೂ ಸೇರಿದ.

ಮುನಿಶಾಮಿ ಮೇಷ್ಟರು ಒಂದು ಕಾಲದಲ್ಲಿ ದಂಡಿನ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸಿದವರು. ನಿವೃತ್ತಿಯಾದ ಮೇಲೆ ಅಲ್ಲಿನ ಶವಸಂಸ್ಕಾರ ಸಂಘಕ್ಕೆ ಕಾರ್ಯದರ್ಶಿ. ಸಂಘದ ಬೋರ್ಡು ಅವರ ಮನೆಯ ಮುಂದೆಯೇ ನೇತಾಡುತ್ತಿತ್ತು, ಚಟ್ಟದ ಬಿದಿರು ಜಗಲಿಗೆ ಒರಗಿರುತ್ತಿತ್ತು. ಅವರಿಗೆ ಪ್ರಪಂಚದಲ್ಲಿ ತಿಳಿದದ್ದು ಎರಡೇ ವಿಷಯ. ಒಂದು ಪ್ರಬಂಧ, ಇನ್ನೊಂದು ಹೆಣ.

ಆ ವರ್ಷದ ಪಠ್ಯದಲ್ಲಿ ಒಂದು ನಾಟಕ, ಒಂದು ಕಥೆ, ಒಂದು ಪದ್ಯ. ನಾಟಕದಲ್ಲಿ ಒಬ್ಬ ದೊರೆ ಎಲ್ಲರನ್ನೂ ಅನುಮಾನಿಸಿ, ಯಾರು ಕೊಟ್ಟ ಅನ್ನವನ್ನೂ ಮುಟ್ಟದೆ ಉಪವಾಸ ಸಾಯುತ್ತಾನೆ. ಕಥೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನು ಚರ್ಚಿನ ಗೋಪುರದ ಗಡಿಯಾರ ಸರಿಮಾಡಲು ಹತ್ತಿ ಬಿದ್ದು ಸಾಯುತ್ತಾನೆ. ಪದ್ಯದಲ್ಲಿ ಒಬ್ಬ ಸಿಪಾಯಿ ಪರದೇಶದ ಹಿಮದಲ್ಲಿ ಸಾಯುತ್ತಾನೆ, ಊರಲ್ಲಿ ಅವನ ತಾಯಿಗೆ ಅದು ಗೊತ್ತಿಲ್ಲ. "ಮೂರನ್ನೂ ಹೋಲಿಸಿ ಬರೆಯಿರಿ ಅಂತ ಬಂದೇ ಬರುತ್ತೆ" ಎಂದರು ಮೇಷ್ಟರು. "ಬರೆದು ತೋರ್ಸು."

ರಾಮಾಂಜಿನಪ್ಪ ಬರೆದ. ದೊರೆಯ ಕಥೆಯನ್ನು ಹುಟ್ಟಿನಿಂದ ಹಿಡಿದು ಹೇಳಿ ಸಾಯಿಸಿದ, ಗೆರೆ ಎಳೆದ. ಗಡಿಯಾರದವನನ್ನು ಗೋಪುರಕ್ಕೆ ಹತ್ತಿಸಿ ಬೀಳಿಸಿದ, ಗೆರೆ ಎಳೆದ. ಸಿಪಾಯಿಯನ್ನು ಹಿಮದಲ್ಲಿ ಮಲಗಿಸಿದ. ಕೊನೆಗೆ 'ಆದ್ದರಿಂದ ಮೂರೂ ಬಹಳ ಚೆನ್ನಾಗಿವೆ' ಎಂದು ಮುಗಿಸಿದ.

ಮೇಷ್ಟರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಅಯ್ಯೋ ಕಡವುಳೇ! ಇದು ಹೋಲಿಕೆಯೇನಪ್ಪಾ? ಮೂರು ಸತ್ತ ಮನೆಗೆ ಒಂದೊಂದಾಗಿ ಹೋಗಿ ಬಂದಿದೀಯ. ಒಂದು ಹೆಣ ಹೂತು, ಮನೆಗೆ ಬಂದು ಸ್ನಾನ ಮಾಡಿ, ಊಟ ಮಾಡಿ, ನಿದ್ದೆ ಹೊಡೆದು, ಆಮೇಲೆ ಇನ್ನೊಂದಾ? ಹಂಗಲ್ಲ. ಮೂವರನ್ನೂ ಒಟ್ಟಿಗೇ ಎತ್ತಬೇಕು!"

"ಒಟ್ಟಿಗೇ?"

"ಒಟ್ಟಿಗೇ. ಮೊದಲು ಯಾರ್ಯಾರು ಅಂತ ಹೇಳು. ಆಮೇಲೆ ಮೂವರೂ ಯಾಕೆ ಸತ್ರು. ಆಮೇಲೆ ಮೂವರೂ ಹೇಗೆ ಸತ್ರು. ಅದಾದ ಮೇಲೆ ಹಿಂದೆ ಉಳಿದೋರು ಏನು ಮಾಡಿದ್ರು. ಕೊನೇಲಿ ಯಾರ ಸಾವು ಜಾಸ್ತಿ ದುಃಖ, ಯಾಕೆ ಅಂತ ತೂಗಿ ಹೇಳು. ಒಂದೇ ಥರ ಇದ್ರೆ 'ಹಾಗೆಯೇ' ಅನ್ನು. ಬೇರೆ ಇದ್ರೆ 'ಆದರೆ' ಅನ್ನು. ಇಂಗ್ಲಿಷ್ ಸಾಹಿತ್ಯ ಅಂದ್ರೆ ಈ ಎರಡೇ ಮಾತು."

"ಇಂಗ್ಲಿಷಲ್ಲಿ ಅಷ್ಟು ಉದ್ದ ಹೊಳೆಯಲ್ಲ ಮೇಷ್ಟ್ರೇ."

"ಮೊದಲು ನಿನ್ನ ಭಾಷೇಲಿ ಬಾಯಿಬಿಟ್ಟು ಹೇಳ್ಕೋ. ಮನೇಲಿ ಓಡಾಡ್ಕೊಂಡು ಜೋರಾಗಿ ಹೇಳ್ಕೋ. ಅಲ್ಲಿ ನಿಂತ್ರೆ ಇಲ್ಲೂ ನಿಲ್ಲುತ್ತೆ."

ಶಿಷ್ಯನು ಗುರುವಾಕ್ಯವನ್ನು ಅಕ್ಷರಶಃ ಪಾಲಿಸಿದ. ಅನಾಹುತವಾಗಲು ಇನ್ನೇನು ಬೇಕು?

ಮಾರನೆಯ ಸಂಜೆ ಮಂಜುಳಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಗಂಡ ಕೈ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದ. ತಿರುಗುತ್ತ ಹೇಳುತ್ತಿದ್ದ:

"ಸತ್ತಿರೋರು ಮೂರು ಜನ. ಮೊದಲನೆಯವನು ದೊಡ್ಡ ಮನುಷ್ಯ, ಅನ್ನ ಇಲ್ಲದೆ ಸತ್ತ. ಎರಡನೆಯವನು ಎತ್ತರದಿಂದ ಬಿದ್ದ. ಹಾಗೆಯೇ ಮೂರನೆಯವನು ಸಿಪಾಯಿ... ಅವನೂ ಸತ್ತ. ಆದರೆ ತಾಯಿಗೆ ಗೊತ್ತಿಲ್ಲ. ಪಾಪ, ಬಾಗಿಲಿಗೆ ಅಗಳಿ ಹಾಕದೆ ಕಾಯ್ತಾ ಇದಾಳೆ. ಈಗ ಇವಳ ವಿಷಯ ಮೊದಲೇ ಎತ್ತಲೋ, ಕೊನೇಲಿ ಹೇಳಲೋ?"

ಮಂಜುಳಮ್ಮನ ಕೈಯಿಂದ ಮೊರ ಜಾರಿತು. ಅವರೆಕಾಳು ನೆಲದ ತುಂಬ ಉರುಳಿತು.

"ಏನ್ರೀ ಅದು?" ಎಂದು ಹಿತ್ತಲಿಗೆ ಬಂದಳು.

ರಾಮಾಂಜಿನಪ್ಪ ಬೆಚ್ಚಿದ. ಪರೀಕ್ಷೆಯೆಂದರೆ ಇಂಟರ್‌ಮೀಡಿಯೆಟ್ಟಿನ ಗುಟ್ಟು ಹೊರಗೆ ಬರುತ್ತದೆ. ಅವನ ಬಾಯಿಗೆ ಅಭ್ಯಾಸವಾಗಿದ್ದ ಮಾತೇ ಬಂತು.

"ಆಫೀಸಿನ ವಿಷಯ. ಹೇಳಂಗಿಲ್ಲ."

"ಆ ಸಿಪಾಯಿ... ನಿಜ್ವಾಗ್ಲೂ ಹೋಗ್ಬಿಟ್ನಾ?"

"ಹೋದ ಕಣೆ. ಅದರಲ್ಲಿ ಏನೂ ಸಂದೇಹ ಇಲ್ಲ. ನೀನು ಮಾತ್ರ ಯಾರ ಮುಂದೆನೂ ಬಾಯಿ ಬಿಡ್ಬೇಡ, ನನ್ನ ಕೆಲಸಕ್ಕೇ ಸಂಚಕಾರ."

ಮಂಜುಳಮ್ಮ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಎದುರುಮನೆಯ ಸಾಲೇಹಾಳ ಮುಂದೆ ಸುಮ್ಮನೆ ಕೂತು ಅತ್ತಳು, ಅಕ್ಕಯಮ್ಮನ ಮನೆಯ ಕಡೆ ಕೈ ತೋರಿಸಿದಳು, ತನ್ನ ಗಂಡನ ಕಡೆ ಕೈ ತೋರಿಸಿದಳು. ಉಳಿದದ್ದನ್ನು ಸಾಲೇಹಾ ತಾನೇ ಹೇಳಿದಳು, ಮಂಜುಳಮ್ಮ ತಲೆಯಾಡಿಸಿದಳು. ಸಾಲೇಹಾಳ ಗಂಡ ಖಾದರ್ ಜಟಕಾ ಓಡಿಸುವವನು. ಒಂದು ಸುದ್ದಿ ಜಟಕಾ ಹತ್ತಿದರೆ ಹಲಸೂರು ಕೆರೆ ಸುತ್ತಿ ಬರಲು ಎಷ್ಟು ಹೊತ್ತು!

ಖಾದರನಿಗೆ ಸಾಕ್ಷಿಯೂ ಇತ್ತು. "ಅದಕ್ಕೇ ಆ ಸಾಬ್ ವಾರ ವಾರ ಮಾರ್ಕೆಟ್ ಹಿಂದೆ ಹೆಣದ ಸಂಘದ ಮನೇಗ್ ಹೋಗ್ತಿದ್ರು! ನಾನೇ ಬಿಟ್ಬಂದಿದೀನಿ. ಮುದುಕಿಗೆ ಯಾರ್ ದಿಕ್ಕು ಅಂತ ಎಲ್ಲಾ ಮೊದ್ಲೇ ಬಂದೋಬಸ್ತ್ ಮಾಡ್ತಾವ್ರೆ. ಬಡೇ ದಿಲ್‌ವಾಲೇ!"

ಅಂದಿನಿಂದ ಗಲ್ಲಿಯ ಚಹರೆಯೇ ಬದಲಾಯಿತು. ಅಕ್ಕಯಮ್ಮನ ಹಾಲಿನಲ್ಲಿ ನೀರಿದೆಯೆಂದು ದಿನಾ ಜಗಳ ತೆಗೆಯುತ್ತಿದ್ದವರು ಈಗ ತಲೆತಗ್ಗಿಸಿ ಹಾಲು ಹಾಕಿಸಿಕೊಂಡು, "ಇನ್ನರ್ಧ ಪಾವು ಹಾಕು ತಾಯಿ" ಅನ್ನತೊಡಗಿದರು. ಅಕ್ಕಯಮ್ಮನಿಗೆ ಆಶ್ಚರ್ಯವಾಯಿತು. ಎಮ್ಮೆಗಳಿಗಂತೂ ಸುಸ್ತಾಯಿತು.

ರಾಮಾಂಜಿನಪ್ಪನಿಗೂ ಮರ್ಯಾದೆ ಹೆಚ್ಚಿತು. ಜಗಲಿಯ ಮೇಲೆ ಕೂತ ಹಿರಿಯರು ಅವನನ್ನು ಕಂಡರೆ ನಿಟ್ಟುಸಿರು ಬಿಟ್ಟರು. ಕಳ್ಳನ ಮನಸ್ಸು ಹುಳ್ಳಗೆ ಅನ್ನುವಂತೆ ಅವನಿಗೆ ಒಂದೇ ಭಯ. ಅಯ್ಯೋ, ಫೇಲಾದ ಸಂಗತಿ ಗೊತ್ತಾಯಿತೇ? ಒಂದು ದಿನ ಜಟಕಾದಲ್ಲಿ ಖಾದರನೇ ಮಾತೆತ್ತಿದ.

"ಸಾಬ್, ನಮ್ಗೆಲ್ಲಾ ಗೊತ್ತಾಗೋಯ್ತು."

ರಾಮಾಂಜಿನಪ್ಪ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. "ಏನು... ಎಲ್ಲಾರಿಗೂನಾ?"

"ಎಲ್ಲಾರ್ಗೂ. ಇಷ್ಟ್ ದಿನ ಒಬ್ರೇ ದಿಲ್ಲಲ್ಲಿ ಇಟ್ಕೊಂಡು ಹೆಂಗ್ ಅನ್ನ ತಿಂದ್ರಿ ಸಾಬ್?"

"ಏನ್ಮಾಡ್ಲಿ ಖಾದರ್. ಹೇಳ್ಕೊಳೋ ವಿಷ್ಯಾನಾ ಅದು? ನಮ್ಮ ಮಾವನವರಿಗೆ ಗೊತ್ತಾದ್ರೆ ಹೆಂಗೆ ಮುಖ ತೋರಿಸ್ಲಿ?"

"ಅವ್ರಿಗೂ ಹೇಳ್ಕಳಿಸಿದೀವಿ. ದೊಡ್ಡೋರು ಇರ್ಬೇಕಲ್ಲ ಇಂಥಾ ಟೈಮಲ್ಲಿ."

ರಾಮಾಂಜಿನಪ್ಪ ಜಟಕಾದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಖಾದರ್ ಕುದುರೆಯ ವೇಗ ತಗ್ಗಿಸಿ ಮೆಲ್ಲಗೆ ಕೇಳಿದ:

"ಜಪಾನಿನೋರಿಂದಾನೇ ಆಗಿದ್ದಾ ಸಾಬ್?"

"ಜಪಾನಿಗೂ ಇದಕ್ಕೂ ಏನಯ್ಯಾ ಸಂಬಂಧ! ಇಂಗ್ಲಿಷಿಂದ ಹೋಗಿದ್ದು. ಬೇರೆ ಎಲ್ಲಾ ಕಡೆ ಬಚಾವ್. ಇಂಗ್ಲಿಷ್ ಒಂದೇ ಮುಗಿಸ್ಬಿಡ್ತು."

ಖಾದರನ ಕೈಯಲ್ಲಿ ಚಾಟಿ ನಿಂತುಹೋಯಿತು. "ಯಾ ಅಲ್ಲಾ! ಇಂಗ್ಲಿಷ್ನೋರೇ!"

ಆ ಸಂಜೆಗೆ ಸುದ್ದಿ ಬೆಳೆದಿತ್ತು. ಆದಿನಾರಾಯಣನನ್ನು ಕೊಂದವರು ಜಪಾನಿಯರಲ್ಲ, ಬಿಳಿಯರೇ. ಒಬ್ಬ ಕ್ಯಾಪ್ಟನ್ನಿಗೆ ಎದುರುಮಾತಾಡಿದ್ದಕ್ಕೆ. ಅದಕ್ಕೇ ಸರ್ಕಾರ ಮುಚ್ಚಿಟ್ಟಿದೆ. ಅದಕ್ಕೇ ಪಾಪ ರಾಮಾಂಜಿನಪ್ಪ ಬಾಯಿ ಬಿಡಲಾರದೆ ಹಿತ್ತಲಲ್ಲಿ ಒಬ್ಬನೇ ಅಳುತ್ತಾನೆ.

ಮರುದಿನ ಅವನು ಕೆಲಸದಿಂದ ಬಂದಾಗ ಬಾಗಿಲಲ್ಲಿ ರಾಶಿ ಚಪ್ಪಲಿ. ಒಳಗೆ ಕೃಷ್ಣರಾಜಪುರದಿಂದ ಬಂದ ಮಾವ ದೊಡ್ಡಮುನಿಯಪ್ಪನವರು ಹೆಗಲ ಮೇಲೆ ಬಿಳಿ ಟವಲು ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದರು. ಗೋಡೆಯುದ್ದಕ್ಕೂ ಗಲ್ಲಿಯ ಗಂಡಸರು, ಅವರ ಹೆಗಲ ಮೇಲೂ ಬಿಳಿ ಟವಲು. ಅಡುಗೆಮನೆ ಬಾಗಿಲಲ್ಲಿ ಹೆಂಗಸರು. ಇಂಟರ್‌ಮೀಡಿಯೆಟ್ಟಿನಲ್ಲಿ ಒಬ್ಬ ಫೇಲಾದದ್ದಕ್ಕೆ ಇಷ್ಟು ಜನ ಸೇರುತ್ತಾರೆಂದು ರಾಮಾಂಜಿನಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

"ಬನ್ನಿ ಅಳಿಯಂದ್ರೇ" ಎಂದರು ಮಾವ, ಭಾರವಾದ ದನಿಯಲ್ಲಿ. "ಎಷ್ಟ್ ದಿನ ಅಂತ ಮುಚ್ಚಿಡ್ತೀರಿ? ಒಂದಲ್ಲ ಒಂದಿನ ಗೊತ್ತಾಗ್ಲೇಬೇಕಲ್ಲ."

"ತಪ್ಪಾಯ್ತು ಮಾವ."

"ನಿಮ್ಮ ತಪ್ಪೇನೈತೆ ಇದ್ರಲ್ಲಿ? ಯುದ್ಧದ ಕಾಲ."

ಎಂಥ ದೊಡ್ಡ ಮನುಷ್ಯ ಎಂದು ರಾಮಾಂಜಿನಪ್ಪನ ಕಣ್ಣು ತುಂಬಿತು. ತಾನು ಫೇಲಾದದ್ದು ಯುದ್ಧಕ್ಕೆ ಎಷ್ಟೋ ವರ್ಷ ಮುಂಚೆ. ಆದರೆ ಅಷ್ಟು ಒಳ್ಳೆಯ ಮಾತನ್ನು ಈಗ ತಿದ್ದುವುದು ಸರಿಯಲ್ಲವೆಂದು ಸುಮ್ಮನಾದ.

ಅದೇ ಹೊತ್ತಿಗೆ ಅಕ್ಕಯಮ್ಮ ಹಾಲಿನ ಚೆಂಬು ಹಿಡಿದು ಒಳಗೆ ಬಂದಳು. ಚಪ್ಪಲಿ ನೋಡಿದಳು, ಟವಲು ನೋಡಿದಳು, ಮಂಜುಳಮ್ಮನ ಊದಿದ ಕಣ್ಣು ನೋಡಿದಳು. ಚೆಂಬು ಕೆಳಗಿಟ್ಟು, "ಅಯ್ಯೋ ನನ್ ಕಂದಾ! ಯಾರಮ್ಮಾ ಹೋದೋರು? ನಿಮ್ಮವ್ವನಾ? ನಂಗೊಂದ್ ಮಾತ್ ಹೇಳ್ಬಾರ್ದಾ?" ಎನ್ನುತ್ತ ಮಂಜುಳಮ್ಮನನ್ನು ತಬ್ಬಿಕೊಂಡು ಅಳತೊಡಗಿದಳು.

ಇದನ್ನು ನೋಡಲಾರದೆ ಇಡೀ ಮನೆ ಗೊಳೋ ಎಂದಿತು. ಸಾಲೇಹಾ ಸೆರಗು ಬಾಯಿಗೆ ತುರುಕಿಕೊಂಡಳು. ಖಾದರ್ ಹೊರಗೆ ಹೋಗಿ ಕುದುರೆಯ ಕತ್ತಿಗೆ ಹಣೆ ಒತ್ತಿ ನಿಂತ. ಎಲ್ಲರೂ ಯಾರಿಗಾಗಿ ಅಳುತ್ತಿದ್ದರೋ ಅವಳು ಎಲ್ಲರನ್ನೂ ಒಬ್ಬೊಬ್ಬರಾಗಿ ಸಮಾಧಾನ ಮಾಡುತ್ತಿದ್ದಳು.

"ಅಳಿಯಂದ್ರೇ, ನೀವೇ ಹೇಳ್ಬೇಕು. ಓದಿದೋರು" ಎಂದರು ಮಾವ.

ರಾಮಾಂಜಿನಪ್ಪ ಎದ್ದು ನಿಂತ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಂಟಲು ಸರಿಮಾಡಿಕೊಂಡ.

"ಹೇಳ್ಬಿಡ್ತೀನಿ. ಹೋಗಿರೋನು ಬೇರೆ ಯಾರೂ ಅಲ್ಲ. ನಾನೇ."

ಅಳು ನಿಂತಿತು. ಎಲ್ಲರೂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನಾನು ಇಂಟರ್‌ಮೀಡಿಯೆಟ್ ಫೇಲು. ಇಂಗ್ಲಿಷಲ್ಲಿ."

ಮಾವನವರು ಪಕ್ಕದವರ ಕಿವಿಯಲ್ಲಿ, "ದುಃಖ ತಲೆಗೇರೈತೆ. ಸ್ವಲ್ಪ ಮಜ್ಜಿಗೆ ಕೊಡ್ಸಿ" ಎಂದರು. ಜೀವಮಾನದ ಗುಟ್ಟು ಹೊರಗೆ ಹಾಕಿದ ಗಂಡಸಿಗೆ ಸಿಕ್ಕಿದ್ದು ಒಂದು ಲೋಟ ಮಜ್ಜಿಗೆ.

ಆದರೆ ಅಕ್ಕಯಮ್ಮ ಅಳು ನಿಲ್ಲಿಸಿ ಸುತ್ತ ನೋಡುತ್ತಿದ್ದಳು. ಮಂಜುಳಮ್ಮ ಮುಖ ತಿರುಗಿಸಿದಳು. ಸಾಲೇಹಾ ನೆಲ ನೋಡಿದಳು. ದೊಡ್ಡಮುನಿಯಪ್ಪನವರು ಟವಲಿನ ತುದಿ ನೋಡಿದರು. ಅಕ್ಕಯಮ್ಮನ ಕೈ ಮೆಲ್ಲಗೆ ಎದೆಗೆ ಹೋಯಿತು.

"ನನ್ ಆದೀನಾ?"

ಯಾರೂ ಇಲ್ಲ ಅನ್ನಲಿಲ್ಲ. ಅವಳು ಇದ್ದಲ್ಲೇ ಕುಸಿದಳು.

ಆಗ, ಆಗ ಮಾತ್ರ, ರಾಮಾಂಜಿನಪ್ಪನಿಗೆ ಎಲ್ಲ ಅರ್ಥವಾಯಿತು. ಮಜ್ಜಿಗೆಯ ಲೋಟ ಕೈಯಿಂದ ಬಿತ್ತು.

"ಅಲ್ಲ! ಅಯ್ಯೋ ಅಲ್ಲ ಅಕ್ಕಯಮ್ಮ! ಅದು ಪ್ರಬಂಧ! ಪರೀಕ್ಷೆಗೆ ಓದ್ತಾ ಇದ್ದೆ! ಆ ಸಿಪಾಯಿ ಪದ್ಯದಲ್ಲಿರೋನು, ಪುಸ್ತಕದಲ್ಲಿರೋನು!" ಒಳಗೆ ಓಡಿ ಅಕ್ಕಿ ಡಬ್ಬದ ಹಿಂದೆ ಅಡಗಿಸಿದ್ದ ಪುಸ್ತಕ ತಂದ. "ನೋಡಿ ಮಾವ! ಇಲ್ಲಿ ದೊರೆ ಸತ್ತ! ಇಲ್ಲಿ ಗಡಿಯಾರದವನು ಬಿದ್ದ!"

ದೊಡ್ಡಮುನಿಯಪ್ಪನವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನೋಡಿ ತಲೆಯಾಡಿಸಿದರು. ನೊಂದ ತಾಯಿಯ ಮುಂದೆ ಒಳ್ಳೆಯ ಮನುಷ್ಯ ಇಂಥ ಸುಳ್ಳು ಹೇಳುವುದು ಸಹಜ ಎಂಬ ಭಾವ ಅವರ ಮುಖದಲ್ಲಿತ್ತು.

ಅಕ್ಕಯಮ್ಮ ಅವನ ಪಂಚೆಯ ಅಂಚು ಹಿಡಿದುಕೊಂಡಳು. "ಸುಳ್ ಹೇಳ್ಬೇಡ ಮಗಾ. ನಿಮ್ ಆಫೀಸಲ್ಲಿ ಎಲ್ಲಾರ್ ವಿಷ್ಯನೂ ಬತ್ತೈತೆ. ನೀನ್ ನೋಡಿದೀಯ."

"ನಮ್ಮ ಆಫೀಸಲ್ಲಿ ಯಾರ ವಿಷ್ಯನೂ ಬರಲ್ಲ ಅಕ್ಕಯಮ್ಮ." ಅವನು ಅವಳ ಮುಂದೆ ಕುಕ್ಕರಿಸಿದ. "ನಂದು ಸೊಳ್ಳೆಪರದೆ ನೋಡೋ ಕೆಲಸ. ತೂತು ಇದೆಯಾ ಇಲ್ವಾ ಅಂತ. ಅಷ್ಟೇ. ನಾನು ಯಾವತ್ತೂ ಆದಿ ವಿಷ್ಯ ಎಲ್ಲೂ ನೋಡೇ ಇಲ್ಲ. ನೋಡೋಕೆ ನಂಗೆ ಎಲ್ಲೂ ಏನೂ ಇಲ್ಲ."

ಇದನ್ನು ಮಾತ್ರ ಅವಳು ನಂಬಿದಳೋ ಏನೋ. ಪಂಚೆ ಬಿಟ್ಟಳು.

"ಆ ಪದ್ಯ ಗೊತ್ತಿರೋರು ಯಾರಾರ ಅವ್ರಾ?" ಎಂದಳು.

ಖಾದರನ ಜಟಕಾದಲ್ಲಿ ಅಕ್ಕಯಮ್ಮ, ರಾಮಾಂಜಿನಪ್ಪ, ದೊಡ್ಡಮುನಿಯಪ್ಪ. ಹಿಂದೆ ನಡೆದುಕೊಂಡು ಅರ್ಧ ಗಲ್ಲಿ. ಬಿಳಿ ಟವಲುಗಳ ಆ ಮೆರವಣಿಗೆಯನ್ನು ಕಂಡು ದಾರಿಯಲ್ಲಿದ್ದವರು ಸೈಕಲ್ಲಿಂದ ಇಳಿದು ನಿಂತರು. ಮಾರ್ಕೆಟ್ಟಿನ ಹತ್ತಿರ ಒಬ್ಬ ಪೊಲೀಸಿನವನು ಟೋಪಿ ತೆಗೆದ. ಮೇಷ್ಟರ ಮನೆಯೆದುರು ನಿಂತಾಗ, ಸಂಘದ ಕಾರ್ಯದರ್ಶಿಗಳು ಅಭ್ಯಾಸಬಲದಿಂದ ಬಿದಿರಿಗೆ ಕೈಹಾಕಿ, "ಹೆಸರು? ವಯಸ್ಸು? ಹೂಳೋದಾ ಸುಡೋದಾ?" ಎಂದರು.

"ಮೇಷ್ಟ್ರೇ, ಆ ಸಿಪಾಯಿ ವಿಷ್ಯ ಇವರಿಗೆ ಹೇಳಿ!" ಎಂದು ರಾಮಾಂಜಿನಪ್ಪ ಗೋಗರೆದ.

"ಸಿಪಾಯಿ ಸತ್ತ" ಎಂದರು ಮೇಷ್ಟರು. "ಸಾಯದೆ ಇದ್ರೆ ಪ್ರಬಂಧ ಎಲ್ಲಿಂದ ಬರುತ್ತೆ?"

ಗುಂಪಿನಲ್ಲಿ ಮತ್ತೆ ಅಳು ಎದ್ದಿತು. ರಾಮಾಂಜಿನಪ್ಪ ಮೇಷ್ಟರ ಕಾಲಿಗೇ ಬಿದ್ದು ನಡೆದದ್ದನ್ನೆಲ್ಲ ಒದರಿದ. ಎಲ್ಲವನ್ನೂ ಕೇಳಿ ಮೇಷ್ಟರು ಮೊದಲು ಮಾಡಿದ್ದು ಬಿದಿರನ್ನು ಮನೆಯ ಹಿಂದಕ್ಕೆ ಸಾಗಿಸಿದ್ದು. ಆಮೇಲೆ ಅಕ್ಕಯಮ್ಮನನ್ನು ಜಗಲಿಯ ಮೇಲೆ ಕೂರಿಸಿ, ಪುಸ್ತಕ ತೆರೆದು, ಪದ್ಯವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ನಮ್ಮ ನಾಲಿಗೆಗೆ ಹೊರಳದ ಆ ಸಿಪಾಯಿಯ ಹೆಸರು, ಅವನ ಬಿಳಿ ಕುದುರೆ, ಮೊಣಕಾಲುದ್ದ ಹಿಮ, ಮರದ ಮನೆಯಲ್ಲಿ ಅಗಳಿ ಹಾಕದೆ ಕೂತ ತಾಯಿ. ಲಾರಿ ಎಲ್ಲೂ ಬರಲಿಲ್ಲ. ಎಮ್ಮೆ ಬರಲಿಲ್ಲ. ಒಬ್ಬೊಬ್ಬರೇ ಟವಲುಗಳನ್ನು ಮಡಚತೊಡಗಿದರು.

ಅಕ್ಕಯಮ್ಮ ಗಮನವಿಟ್ಟು ಕೇಳಿದಳು.

"ಆ ತಾಯಿಗೆ ಕೊನೀಕೆ ಯಾರ್ ಹೇಳಿದ್ರು ಸಾಮಿ?"

"ಯಾರೂ ಹೇಳಲ್ಲಮ್ಮ. ಪದ್ಯ ಅಲ್ಲಿಗೇ ಮುಗಿಯುತ್ತೆ."

"ಅಂಗಾರೆ ಅವ್ಳಿನ್ನೂ ಕಾಯ್ತಾನೇ ಅವ್ಳೆ."

ಇಷ್ಟು ವರ್ಷ ಪದ್ಯ ಪಾಠ ಮಾಡಿದ ಮೇಷ್ಟರು ಪುಸ್ತಕ ಮುಚ್ಚಿದರು.

ಜಟಕಾ ಹತ್ತುವ ಮುಂಚೆ ಅಕ್ಕಯಮ್ಮ ರಾಮಾಂಜಿನಪ್ಪನ ಕಡೆ ತಿರುಗಿದಳು. "ನೀನ್ ಪರೀಕ್ಸೇಲಿ ಬರೀಬೇಕಾದ್ರೆ ಅವನ್ನ ಸಾಯಿಸ್ಬೇಡ ಮಗಾ. ನಿನ್ ಕೈಲೈತಲ್ಲ. ಇದೊಂದಾರ ನಿನ್ ಕೈಲೈತಲ್ಲ."

ರಾಮಾಂಜಿನಪ್ಪ ಆಗಲಿ ಅಂದ. ಆ ಹೊತ್ತಿನಲ್ಲಿ ಅವಳು ಏನು ಕೇಳಿದ್ದರೂ ಆಗಲಿ ಅನ್ನುತ್ತಿದ್ದ.

ಮಾರನೆಯ ಬೆಳಿಗ್ಗೆಯಿಂದ ಅವನ ಮನೆಯ ಹಾಲಿಗೂ ಊರಿಗೆಲ್ಲ ಬೀಳುವಷ್ಟೇ ನೀರು ಬಿತ್ತು. ಅಕ್ಕಯಮ್ಮ ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಮಾವನವರು ಕೃಷ್ಣರಾಜಪುರಕ್ಕೆ ಹೊರಡುವಾಗ ಬಾಗಿಲ ಮೇಲಿನ ಹಲಗೆಯನ್ನು ಬಹಳ ಹೊತ್ತು ನೋಡಿ, "ಪರದೆ ಒಂದೆರಡು ಸಿಕ್ತವಾ? ನಮ್ ಕಡೆ ಸೊಳ್ಳೆ ಜಾಸ್ತಿ" ಎಂದು ಮಾತ್ರ ಹೇಳಿದರು. ಮಂಜುಳಮ್ಮ ಯುಗಾದಿ ಹಬ್ಬದವರೆಗೂ ಗಂಡನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ.

ಪರೀಕ್ಷೆ ಬಂತು. ಮೇಷ್ಟರು ಹೇಳಿದ ಪ್ರಶ್ನೆಯೇ ಬಂತು. ಮೂರು ಪಠ್ಯಗಳಲ್ಲಿ ಸಾವಿನ ಚಿತ್ರಣ, ಹೋಲಿಸಿ ಬರೆಯಿರಿ. ರಾಮಾಂಜಿನಪ್ಪನ ಲೇಖನಿ ಓಡಿತು. ಮೊದಲ ಭಾಗದಲ್ಲಿ ಯಾರ್ಯಾರು ಎಂದು ಹೇಳಿದ. ಎರಡನೆಯದರಲ್ಲಿ ದೊರೆಗೆ ಅನುಮಾನ, ಹಾಗೆಯೇ ಗಡಿಯಾರದವನಿಗೆ ಹಟ, ಆದರೆ ಸಿಪಾಯಿಗೆ ಅಪ್ಪಣೆ ಎಂದು ಬರೆದ. ಗೆರೆ ಎಳೆಯಲಿಲ್ಲ. ಮೂವರನ್ನೂ ಒಟ್ಟಿಗೇ ಎತ್ತಿಕೊಂಡು ನಡೆದ. ಜೀವಮಾನದಲ್ಲಿ ಅವನು ಅಷ್ಟು ಒಳ್ಳೆಯ ಇಂಗ್ಲಿಷ್ ಬರೆದಿರಲಿಲ್ಲ.

ಮೂವರೂ ಹೇಗೆ ಸತ್ತರು ಎಂಬ ಮೂರನೆಯ ಭಾಗಕ್ಕೆ ಬಂದ. ದೊರೆಯನ್ನೂ ಗಡಿಯಾರದವನನ್ನೂ ಸಾವಿನ ಅಂಚಿಗೆ ತಂದು ನಿಲ್ಲಿಸಿದ. ಸಿಪಾಯಿಯ ಹೆಸರು ಬರೆದ. ಕೈ ನಿಂತಿತು.

ಎಷ್ಟೋ ಹೊತ್ತಾದ ಮೇಲೆ, 'ಆದರೆ ಸಿಪಾಯಿ ಕ್ಷೇಮವಾಗಿ ಮನೆಗೆ ಬಂದನು' ಎಂದು ಬರೆದ.

ಬರೆದ ಮೇಲೆ ನೋಡಿದರೆ ಪ್ರಬಂಧದ ಕಟ್ಟಡವೇ ಕುಸಿದಿತ್ತು. ಇಬ್ಬರು ಸತ್ತು ಒಬ್ಬ ಬದುಕಿದರೆ ಯಾರ ಸಾವು ಹೆಚ್ಚು ದುಃಖ ಎಂದು ತೂಗುವುದು ಹೇಗೆ? ಉಳಿದವರು ಅತ್ತರು ಎಂದು ಹೇಳುವುದು ಹೇಗೆ? ಹೋಲಿಕೆಯ ಸೂತ್ರ ಒಂದು ಕಡೆ, ಕೊಟ್ಟ 'ಆಗಲಿ' ಇನ್ನೊಂದು ಕಡೆ. ಗಂಟೆ ಹೊಡೆಯುವ ಸಮಯ. ರಾಮಾಂಜಿನಪ್ಪ ಬೆವರು ಒರೆಸಿಕೊಂಡು, ಮೇಷ್ಟರ ಮಾತನ್ನೂ ಉಳಿಸಿ ಅಕ್ಕಯಮ್ಮನ ಮಾತನ್ನೂ ಉಳಿಸುವ ಒಂದೇ ದಾರಿ ಹಿಡಿದ. ಹಾಗೆಯೇ ದೊರೆಯೂ ಊಟ ಮಾಡಿದನು. ಹಾಗೆಯೇ ಗಡಿಯಾರದವನೂ ಹುಲ್ಲಿನ ಗಾಡಿಯ ಮೇಲೆ ಬಿದ್ದು ಬದುಕಿಕೊಂಡನು. ಆದ್ದರಿಂದ ಮೂವರೂ ಈಗ ಸುಖವಾಗಿದ್ದಾರೆ.

ಫಲಿತಾಂಶ ನಿರೀಕ್ಷಿಸಿದಂತೆಯೇ ಬಂತು. ಮೇಷ್ಟರು ಅವನಿಂದ ಪ್ರಬಂಧದ ಸಾರಾಂಶ ಕೇಳಿ, "ಇಷ್ಟು ಚೆನ್ನಾಗಿ ಕಟ್ಟಿದ ಸುಳ್ಳನ್ನ ನಾನು ಕಂಡೇ ಇಲ್ಲ" ಎಂದು ಬಾಗಿಲು ಹಾಕಿಕೊಂಡರು. ಹಿರಿಯ ಗುಮಾಸ್ತೆಯ ಜಾಗ ಬೇರೊಬ್ಬನಿಗೆ ಹೋಯಿತು. ರಾಮಾಂಜಿನಪ್ಪ ಪರದೆಗಳ ಹಿಂದೆಯೇ ಉಳಿದ.

ಫಲಿತಾಂಶ ತಿಳಿದ ಸಂಜೆ ಅವನು ಜಗಲಿಯ ಮೇಲೆ ಕೂತಿದ್ದ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಮುಗಿದಿತ್ತು, ಬರ್ಮಾದ ಕಡೆಯಿಂದ ಒಬ್ಬಿಬ್ಬರು ರಜೆಯ ಮೇಲೆ ಹಲಸೂರಿಗೆ ಬಂದುಹೋಗಿದ್ದರು. ಅವರಿಗೆ ಆದಿನಾರಾಯಣ ಗೊತ್ತಿರಲಿಲ್ಲ. ಅಕ್ಕಯಮ್ಮ ಬಂದು ಅವನಿಂದ ಸ್ವಲ್ಪ ದೂರದಲ್ಲಿ ಕೂತಳು.

"ಏನಾಯ್ತು ಮಗಾ?"

"ಹೋಯ್ತು ಅಕ್ಕಯಮ್ಮ. ಇಂಗ್ಲಿಷಲ್ಲೇ."

"ಸಿಪಾಯಿನ ಏನ್ಮಾಡ್ದೆ?"

"ಮನೆಗೆ ಬಂದ ಅಂತ ಬರೆದೆ."

ಅಕ್ಕಯಮ್ಮ ತಲೆಯಾಡಿಸಿದಳು.

"ಎಂಗ್ ಬಂದ?"

"ಹೆಂಗೆ ಅಂದ್ರೆ... ಬಂದ ಅಂತ ಬರೆದೆ, ಅಷ್ಟೇ."

"ಬಂದ ಅಂದ್ರೆ ಆಯ್ತಾ? ರೈಲಲ್ ಬಂದ್ನಾ?"

"ಹೂಂ. ರೈಲಲ್ಲೇ. ಮದ್ರಾಸ್ ಕಡೆಯಿಂದ."

"ದಂಡಿನ ಸ್ಟೇಸನ್ನಿಂದ ನಡ್ಕೊಂಡಾ?"

"ಯಾಕ್ ನಡೀತಾನಮ್ಮ?" ಎಂದ ಎದುರಿಗೆ ಕುದುರೆಗೆ ಹುಲ್ಲು ಹಾಕುತ್ತಿದ್ದ ಖಾದರ್. "ನಾನ್ ಇಲ್ವಾ? ನನ್ ಜಟಕಾದಲ್ಲೇ ಬಂದ. ಸವಾರಿ ಎಲ್ಲಾ ಬಿಟ್ಟು ಕರ್ಕೊಂಬಂದೆ."

ಸಾಲೇಹಾ ಬಾಗಿಲಿಗೆ ಬಂದು ನಿಂತಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ಮಂಜುಳಮ್ಮನ ಸದ್ದು ನಿಂತಿತು.

"ಮೊದ್ಲು ಯಾರ್ ನೋಡಿದ್ರು ಅವನ್ನ?"

ರಾಮಾಂಜಿನಪ್ಪ ಯೋಚಿಸಿದ. "ಎಮ್ಮೆ ನೋಡ್ತು. ಕೂಗ್ತು."

"ಕೊಂಬು ಮುರ್ದಿರೋದಾ?"

"ಅದೇ."

"ಅದೇ ಇರ್ಬೇಕು. ಅವನ್ನ ಕಂಡ್ರೆ ಅದಕ್ಕೆ ಪ್ರಾಣ." ಅಕ್ಕಯಮ್ಮ ಹತ್ತಿರ ಸರಿದಳು. "ಸಣ್ಣಗಾಗವ್ನಾ?"

"ಸ್ವಲ್ಪ ಆಗಿದಾನೆ."

"ಆಗ್ದೆ ಇರ್ತಾನಾ. ಅಲ್ಲಿ ಯಾರಿಕ್ತಾರೆ ಹೊಟ್ಟೆ ತುಂಬ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುವ ಹೊತ್ತಾಗಿತ್ತು. ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ತಡಿ ಮಗಾ, ಅಲ್ಲಿಗೇ ನಿಲ್ಸು. ಹಾಲ್ ಕರ್ದು ಬಂದ್ಬುಡ್ತೀನಿ. ನಾನಿಲ್ದೆ ಅವನ್ನ ಒಳೀಕ್ ಕರ್ಕೋಬೇಡ."

ರಾಮಾಂಜಿನಪ್ಪ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೂತ.